ಬಣ್ಣದಡಿಯ ಬೆಸುಗೆ

ಓಬಳೇಶ, ಆ ಪೈಪನ್ನು ಕೊಯ್ದವನು ನಾನು. ನೀನು ಕಾರನ್ನು ಜೋರಾಗಿ ತಿರುಗಿಸಿದ್ದಕ್ಕೆ ಅದು ಮುರಿಯಲಿಲ್ಲ — ಮುರಿಯಲು ತಯಾರಾಗಿದ್ದ ಕಾರನ್ನೇ ನಿನ್ನ ಕೈಗೆ ಕೊಟ್ಟಿದ್ದೆ. ಇಷ್ಟು ವರ್ಷ ಹೇಳಲಿಲ್ಲ.

ಹಿಂದೂಪುರದ ಕಾಲೇಜಿನಲ್ಲಿ ನಾವು ರೇಸ್ ಕಾರು ಕಟ್ಟಿದಾಗ ಚೌಕಟ್ಟಿನ ಹೊಣೆ ನನ್ನದು, ಓಡಿಸುವುದು ನಿನ್ನದು. ಆಯುಧಪೂಜೆಗೆ ಕಾರು ಬಣ್ಣ ಹೊಡೆಸಿಕೊಂಡು ನಿಂತಿರಬೇಕು ಅಂತ ಎಲ್ಲರಿಗೂ ಹಟ. ಹಿಂದಿನ ದಿನ ನೋಡಿದರೆ, ಬ್ರೇಕ್ ಪೆಡಲನ್ನು ಜೋಡಿಸಲು ಚೌಕಟ್ಟಿನೊಳಗೆ ಇಳಿಸಲಾಗುತ್ತಿಲ್ಲ. ನಿನ್ನ ಕಾಲಿನ ಪಕ್ಕ ಓರೆಯಾಗಿ ಹಾಯ್ದಿದ್ದ ಪೈಪು ಅಡ್ಡ. ಯಾರೂ ಇಲ್ಲದಾಗ ಕೊಯ್ದೆ. ಪೆಡಲ್ ಒಳಗೆ ಕೂರಿಸಿ, ಕೊಯ್ದ ತುಂಡನ್ನು ಅಲ್ಲೇ ಇಟ್ಟು ವೆಲ್ಡಿಂಗ್ ಮಾಡಿದೆ. ಒಳಮಗ್ಗುಲಿಗೆ ವೆಲ್ಡಿಂಗ್ ರಾಡು ಹೋಗಲಿಲ್ಲ. ಹೊರಗಿನ ಅರ್ಧ ಸುತ್ತು ಹಿಡಿಯಿತು, ಇನ್ನರ್ಧಕ್ಕೆ — ಪುಟ್ಟಿ ಮೆತ್ತಿ, ಉಜ್ಜಿ, ಕೆಂಪು ಬಣ್ಣ ಹೊಡೆದೆ. ಹಬ್ಬ ಮುಗಿದ ಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಒಂದು ಪೈಪು ಬದಲಿಸೋಣ ಅಂತ ಕಾರಣ ಹೇಳದೆ ಕೇಳಿದ್ದಕ್ಕೆ, ಪೂಜೆ ಆದ ಕಾರಿಗೆ ಗರಗಸ ಹಾಕಬಾರದು ಅಂತ ಹುಡುಗರು ಹೇಳಿದರು. ನನಗೂ ಅದೇ ಬೇಕಿತ್ತು — ಸುಮ್ಮನಾದೆ.

ಆಮೇಲೆ ಚೌಕಟ್ಟನ್ನು ತಿರುಚಿ ನೋಡಿದೆವು, ನೆನಪಿದೆಯಾ? ಹಿಂದಿನ ತುದಿ ಬಿಗಿದು, ಮುಂದಿನ ಒಂದು ಬದಿಗೆ ನಮ್ಮ ಮನೆಯವರ ವ್ಯಾಪಾರದ ಮಂಡಿಯಿಂದ ತಂದ ಹುಣಸೆಹಣ್ಣಿನ ಮೂಟೆ ನೇತುಹಾಕಿದೆವು. ಅಳತೆಯ ಮುಳ್ಳು ಅಲುಗಿದ್ದೂ ಅಲುಗದ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗದೆ ಇರುವುದು ಬೇರೆ, ಮುರಿಯದೆ ಇರುವುದು ಬೇರೆ. ಸಣ್ಣ ಭಾರಕ್ಕೆ ಅರ್ಧ ಬೆಸುಗೆಯೂ ಬಿಗಿಯಾಗೇ ಇರುತ್ತದೆ — ನಿಜವಾದ ಹೊಡೆತ ಬಿದ್ದರೆ ಕಿತ್ತುಬರುತ್ತದೆ. ಪುಟ್ಟಿಯ ವಿಷಯ ಗೊತ್ತಿದ್ದವನು ನಾನೊಬ್ಬನೇ.

"ಗಟ್ಟಿ ಐತೇನ್ಲಾ?" ಅಂತ ನೀನು ಕೇಳಿದೆ.

"ಕಣ್ಮುಚ್ಕೊಂಡು ಓಡ್ಸು ಹೋಗ್ಲಾ," ಅಂದೆ ನಾನು. ಥೂ, ನನ್ನ ನಾಲಿಗೆಗೆ!

ಮೈದಾನದ ತಿರುವಿನಲ್ಲಿ ಚಕ್ರ ಕಲ್ಲಿಗೆ ಬಡಿಯಿತು, ಬೆಸುಗೆ ಬಿಟ್ಟಿತು, ಪೈಪಿನ ತುದಿ ನಿನ್ನ ಮೊಣಕಾಲಿಗೆ ಹೊಕ್ಕಿತು. ನಿನ್ನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮೇಷ್ಟ್ರು ಏನಾಯಿತು ಅಂತ ಕೇಳಿದರು. "ಸ್ಪೀಡ್ ಜಾಸ್ತಿ ಆಯ್ತು ಸಾರ್," ಅಂದುಬಿಟ್ಟೆ. ಮುರಿದ ತುಂಡನ್ನು ಗುಜರಿಗೆ ಹಾಕಿದವನೂ ನಾನೇ.

ಹೋದ ತಿಂಗಳು ಕಲ್ಯಾಣದುರ್ಗಕ್ಕೆ, ನಿಮ್ಮ ಮನೆಗೆ ಬಂದಿದ್ದೆನಲ್ಲ. ನೀನು ಕಾಲೆಳೆಯುತ್ತಾ ಕಾಫಿ ತಂದುಕೊಟ್ಟೆ. ನಿಮ್ಮಪ್ಪ, "ಇವ್ನ ಕೈಗೆ ಇವತ್ತಿಗೂ ಬೈಕ್ ಕೀ ಕೊಡಾಕಿಲ್ಲ ಕಣಪ್ಪ. ನಿಮ್ಮೆಲ್ಲರ ಕಷ್ಟಾನೂ ಹಾಳ್ ಮಾಡ್ಬುಟ್ಟ," ಅಂದರು. ನೀನು ತಲೆ ತಗ್ಗಿಸಿ, ಕಾಲೇಜಿನಲ್ಲಿ ನನ್ನನ್ನು ಕರೆಯುತ್ತಿದ್ದ ಹಾಗೇ ತೆಲುಗಿನಲ್ಲಿ ಕರೆದು, "ಸಾರಿ ರಾ ಮಾಮಾ, ತಪ್ಪು ನಂದೇ," ಅಂದೆ.

ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ಲಾ," ಅಂದೆ. ಕ್ಷಮಿಸಿದೆ, ಓಬಳೇಶ. ನಾನು — ನಿನ್ನನ್ನು! ನಿನ್ನ ಕಾಲಷ್ಟೇ ಅಲ್ಲ, ನಿನ್ನ ಕೈಗಳ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಿತ್ತುಕೊಂಡೆ. ಆವತ್ತಿನಿಂದ ನನಗೆ ನನ್ನ ಮೇಲೇ ಹೇಸಿಗೆ.

ಭಾನುವಾರ ಬರುತ್ತೇನೆ. ನಿಮ್ಮಪ್ಪನೂ ಮನೆಯಲ್ಲಿರಲಿ. ತಪ್ಪು ಓಡಿಸಿದವನದಲ್ಲ, ಕಟ್ಟಿದವನದು ಅಂತ ಅವರೆದುರು ನಿಂತು ಹೇಳುತ್ತೇನೆ. ಅವರು ಹೊಡೆದರೆ ನೀನು ಅಡ್ಡ ಬರಬೇಡ.