ನೆಲಕ್ಕೆ ಅಂಗೈ ಇಟ್ಟು ಕೂಡುತ್ತಿದ್ದ ಗೌರತ್ತೆ

"ನೆಲಾ ನಡಗಾಕತ್ತೈತಿ, ಕೈ ಇಟ್ಟು ನೋಡ್ರಿ!"

ಗೌರತ್ತೆ ಕೂಗಿದ್ದೇ ತಡ, ನಾವೆಲ್ಲ ಊಟದ ತಾಟು ಬಿಟ್ಟು ಅಂಗಳಕ್ಕೆ ಓಡಿದೆವು. ನಮಗ್ಯಾರಿಗೂ ಏನೂ ಗೊತ್ತಾಗಲಿಲ್ಲ...

ಇದು 1968ರ ಧಾರವಾಡ. ಹಿಂದಿನ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಆದ ಭೂಕಂಪ ನಮ್ಮ ಮನೆಯನ್ನೂ ಅಲುಗಾಡಿಸಿತ್ತು. ನಾನಾಗ ಒಂಬತ್ತನೇ ಕ್ಲಾಸು.

ಗೌರತ್ತೆ ಅಪ್ಪನ ಅಕ್ಕ. ಚಿಕ್ಕಂದಿನ ಜ್ವರದಲ್ಲಿ ಕಿವಿ ಪೂರ್ತಿ ಹೋಗಿತ್ತು. ನಮ್ಮ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು.

ಆ ಭೂಕಂಪದ ನಂತರ ಆಗಾಗ ನೆಲಕ್ಕೆ ಅಂಗೈ ಒತ್ತಿ ಕೂಡುತ್ತಿದ್ದಳು. ಅವಳು "ನಡುಗಿತು" ಎಂದ ದಿನವೆಲ್ಲ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತಿದ್ದೆ. ನನಗದು ಆಟ.

ದಸರೆ ಮುಗಿದ ಮೇಲೆ ಒಂದು ದಿನ ಅವ್ವ ಅಪ್ಪನಿಗೆ ಹೇಳುವುದು ಕೇಳಿಸಿತು. "ಅಕ್ಕಾರ ತಲಿ ಕೆಟ್ಟೈತಿ ಅಂತ ಓಣ್ಯಾಗ ಮಾತಾಡ್ತಾರ್ರೀ. ದವಾಖಾನಿಗೆ ತೋರಸ್ರಿ."

ಅಪ್ಪ ತಲೆಯಾಡಿಸಿದ. "ದೀಪಾವಳಿ ಆಗ್ಲಿ... ಹುಚ್ಚರ ದವಾಖಾನಿಗೇ ಕರ್ಕೊಂಡು ಹೋಗ್ತೇನಿ."

ದಿನಾ ನನ್ನ ಜಡೆ ಹೆಣೆಯುವ ಅತ್ತೆ! ಅಳುತ್ತ ಕ್ಯಾಲೆಂಡರ್ ಕಿತ್ತು ತಂದು ಅಪ್ಪನ ಮುಂದೆ ಹಿಡಿದೆ.

ಅಪ್ಪ ಹಾಳೆ ತಿರುವಿದ. ಜನವರಿಯಲ್ಲಿ ಸಾಕಷ್ಟು ಗೀಟು. ಬೇಸಿಗೆಯಲ್ಲಿ ಒಂದೋ ಎರಡೋ. ಮಳೆಗಾಲದ ಕೊನೆಗೆ ಮತ್ತೆ ಸಾಲುಸಾಲು. ಹುಚ್ಚಿಗೆ ಹೀಗೆ ಲೆಕ್ಕ ಇರುತ್ತದೆಯೇ?

ಮರುದಿನ ಅಪ್ಪ ಅದನ್ನು ಪರಿಚಯದ ಭೂಗರ್ಭಶಾಸ್ತ್ರದ ಪ್ರೊಫೆಸರ್ ಬಳಿ ಒಯ್ದ. ನಾನೂ ಬೆನ್ನುಹತ್ತಿದೆ. ಅವರು ಹಳೆಯ ಪೇಪರ್ ಹರಡಿಕೊಂಡು, ಕೊಯ್ನಾ ನಡುಕದ ಸುದ್ದಿಗಳ ತಾರೀಖಿಗೆ ನನ್ನ ಗೀಟುಗಳನ್ನು ಹೋಲಿಸಿ ನೋಡಿದರು.

"ಎಲ್ಲಾ ಅಲ್ರಿ, ಆದ್ರ ಕೆಲವು ಖರೇ ಅದಾವ. ಮಳಿಗಾಲಕ್ಕ ಕೊಯ್ನಾ ಡ್ಯಾಮ್ ತುಂಬ್ತದ. ಆ ನೀರಿನ ಭಾರ ಕೆಳಗಿನ ಬಂಡೆಗಲ್ಲಿನ ಮ್ಯಾಲೆ ಬೀಳ್ತದ, ನೀರು ಬಿರುಕಿನ್ಯಾಗ ಇಳೀತದ. ಅದಕ್ಕ ಮಳಿ ಆದ ಮ್ಯಾಲೆ ನಡುಕ ಹೆಚ್ಚಾಗತಾವೋ ಏನೋ... ನಾವೂ ಇನ್ನೂ ತಿಳ್ಕೊಳ್ಳಾಕತ್ತೇವಿ."



ಮನೆಗೆ ಬಂದವನೇ ಅಪ್ಪ ಅಕ್ಕನ ಪಕ್ಕ ನೆಲದ ಮೇಲೆ ಕುಳಿತ. ಅವಳ ಅಂಗೈ ಪಕ್ಕದಲ್ಲಿ ತನ್ನ ಅಂಗೈ ಊರಿದ. ಕಣ್ಣು ತುಂಬಿತ್ತು. "ತಪ್ಪಾತಕ್ಕಾ" ಎಂದು ತುಟಿ ಅಲುಗಿಸಿದ.

ಏನು ತಪ್ಪು ಎಂದು ಅವಳು ಕೇಳಲೇ ಇಲ್ಲ. ಅವನ ತಲೆ ಸವರಿ, ಎಂದಿನ ದೊಡ್ಡ ದನಿಯಲ್ಲೇ ಹೇಳಿದಳು: "ಈಗೇನೂ ಇಲ್ಲೋ ತಮ್ಮಾ, ಅಂಜಬ್ಯಾಡ. ಏಳು, ರೊಟ್ಟಿ ಆರಾಕತ್ತಾವು."

ನಮಗೆ ಕಾಣದ್ದನ್ನು, ಕೇಳದ್ದನ್ನು ಹೇಳುವವರು ನಿಮ್ಮ ಮನೆಯಲ್ಲೂ ಇದ್ದರೆ... ಅವರ ಪಕ್ಕ ಒಂದು ಗಳಿಗೆ ಕುಳಿತಿದ್ದೀರಾ?