ತಲೆ ತಿರುಗಿದಾಗ ಹಿಡಿದ ಬೆರಳು

ದೇವದುರ್ಗದ ದನದ ಸಂತೆಯಲ್ಲಿ, ಹೆಗಲ ವಲ್ಲಿಬಟ್ಟೆಯ ಮರೆಯಲ್ಲಿ, ಸಂತೆಯ ರೂಢಿಯಂತೆ ಮಾರುವವರ ಬೆರಳು ಹಿಡಿದು ಗುಟ್ಟಾಗಿ ಎತ್ತಿಗೆ ದರ ಹೇಳುತ್ತಿದ್ದಾಗಲೇ ನನ್ನ ಹಳೆಯ ತಲೆಸುತ್ತು ಬಂತು. ನೆಲವೇ ತಿರುಗಿತು. ಬಿದ್ದಿದ್ದರೆ ಕುಡುಕನೆಂದು ಹೆಸರಾಗಿ, ಮುಂದೆ ಯಾರೂ ನನ್ನೊಡನೆ ವ್ಯಾಪಾರ ಮಾಡುತ್ತಿರಲಿಲ್ಲ. ಎತ್ತು ಮಾರಲು ಬಂದಿದ್ದ ಮಾನ್ವಿಯ ಹುಸೇನಸಾಬರ ಬೆರಳನ್ನು ಬಿಗಿಯಾಗಿ ಹಿಡಿದು, ಎತ್ತು ಕಟ್ಟಿದ ಗೂಟದಲ್ಲೇ ಕಣ್ಣು ನೆಟ್ಟು, ಅಲುಗದೆ ನಿಂತೆ. ಅವರು ಅದನ್ನು ಹಟವೆಂದೇ ತಿಳಿದರು.

“ಏನ್ ಗಟ್ಟಿ ಮನಷ್ಯಾ ರೀ ನೀವು! ರೆಪ್ಪಿನೂ ಬಡಿಯಂಗಿಲ್ಲ! ಆತು, ನೀವು ಹೇಳಿದ ದರಕ್ಕ ಎತ್ತು ಹೊಡ್ಕೊಂಡು ಹೋಗ್ರಿ. ಮೊದ್ಲ ನನ್ನ ಬೆರಳು ಬಿಡ್ರಿ ಯಪ್ಪಾ!”

“ಜರಾ ತಡೀರಿ ಸಾಬ್ರ, ನೆಲ ಇನ್ನಾ ನಿಂತಿಲ್ಲ,” ಎಂದೆ.

ರಾಯಚೂರಿನ ಹಕೀಮರ ಔಷಧಕ್ಕೂ ತಲೆಸುತ್ತು ಜಗ್ಗಲಿಲ್ಲ. ಅದರ ಅಂಜಿಕೆ ಮಾತ್ರ ಆ ಸಂತೆಯ ದಿನವೇ ಹೋಯಿತು. ನನ್ನಂಥವರಿಗೆ ಹೇಳುವುದಿಷ್ಟೆ: ತಲೆ ತಿರುಗಿದರೆ ಗಾಬರಿಯಾಗಿ ಓಡಬೇಡಿ. ಅಲುಗದ ಒಂದು ವಸ್ತುವನ್ನು ನೋಡಿ, ಪಕ್ಕದವರ ಕೈ ಹಿಡಿಯಿರಿ. ನನ್ನ ಕೊಟ್ಟಿಗೆಯಲ್ಲಿ ಆ ಎತ್ತು ಈಗಲೂ ಇದೆ.