ಅತ್ತೆಯ ಸೆರಗಿಗೆ ಸಿಕ್ಕಿಸಿದ ಮೈಕ್

"ಡೆಡ್ ಕ್ಯಾಟ್ ಬೇಕಾ ಮೇಡಂ?"

ಸಾಗರದ ಅಂಗಡಿಯವರು ಹೀಗೆ ಕೇಳಿದಾಗ ನಾನು ಅವರ ಮುಖವನ್ನೇ ನೋಡಿದೆ. ನಾನು ಹೋಗಿದ್ದು ಮೈಕ್ ಕೊಳ್ಳಲು. ಸತ್ತ ಬೆಕ್ಕು ಕಟ್ಟಿಕೊಂಡು ಏನು ಮಾಡಲಿ?

ಮೈಕಿಗೆ ತೊಡಿಸುವ ಕೂದಲಿನ ಟೊಪ್ಪಿಗೆ ಆ ಹೆಸರಂತೆ. ಬಯಲಲ್ಲಿ ರೆಕಾರ್ಡ್ ಮಾಡುವಾಗ ಗಾಳಿಯ ಬರ್ರೋ ಸದ್ದನ್ನು ತಡೆಯುತ್ತದಂತೆ. (ಮನೆಗೆ ತಂದಾಗ ನಮ್ಮ ಬೆಕ್ಕು ಮೂಸಿ ನೋಡಿ ದೂರ ಹೋಯಿತು. ಹೆಸರು ನಾನು ಹೇಳಿರಲಿಲ್ಲ.)

ಈ ವಯಸ್ಸಲ್ಲಿ ನನಗೇಕೆ ಮೈಕ್? ನಿಟ್ಟೂರಿನ ಹತ್ತಿರ ನನ್ನ ಸೋದರಮಾವ ಇದ್ದಾರೆ. ಅವರಿಗೆ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಸ್ಪತ್ರೆಯ ಓಡಾಟವೆಲ್ಲ ಅವರ ಮಗಳದ್ದು. ನನಗೆ ಅತ್ತೆ, ಅಂದರೆ ಮಾವನ ಹೆಂಡತಿ, ಕೊಟ್ಟ ಕೆಲಸವೇ ಬೇರೆ. ಮಾವ ದಿನಾ ಸಂಜೆ ಗುಡ್ಡದ ಮೇಲೆ ನಿಂತು ಮೇಯಲು ಹೋದ ದನಗಳನ್ನು ಕೂಗಿ ಕರೆಯುತ್ತಾರಲ್ಲ, ಅದನ್ನು ವಿಡಿಯೋ ಮಾಡಿಕೊಡಬೇಕು. ಮಾತು ಬೇಡ, ಅದು ಮಗಳ ಮದುವೆ ವಿಡಿಯೋದಲ್ಲಿ ಬೇಕಾದಷ್ಟಿದೆ, ಕೂಗು ಬೇಕು ಅಂದರು.

ಮೊದಲು ಬರೀ ಫೋನಿನಲ್ಲೇ ತೆಗೆದೆ. ಗಾಳಿ ಬಿಟ್ಟರೆ ಬೇರೇನೂ ಕೇಳಲಿಲ್ಲ. ಹಾಗಾಗಿ ಅಂಗಡಿಗೆ ಓಡಿದ್ದು. ಅಲ್ಲಿ ಕೋಲಿನಂಥ ಮೈಕ್ ಇತ್ತು, ತಿರುಗಿಸಿದ ದಿಕ್ಕಿನ ಸದ್ದನ್ನು ಹೆಚ್ಚು ಹಿಡಿಯುತ್ತದಂತೆ. ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕೂ ಇತ್ತು. ಬಯಲಲ್ಲಿ ಮೈಕ್ ಬಾಯಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳಿದರು. ರಿವ್ಯೂ ವಿಡಿಯೋಗಳಲ್ಲೂ ಅದನ್ನೇ ಹೇಳಿದ್ದರು. ಸಿಕ್ಕಿಸುವುದನ್ನೇ ತಂದೆ, ಕೂದಲ ಟೊಪ್ಪಿ ಸಮೇತ.

ಮಾರನೇ ಸಂಜೆ ಗುಡ್ಡ ಹತ್ತಿ ಮಾವನ ಅಂಗಿಗೆ ಮೈಕ್ ಸಿಕ್ಕಿಸಿದೆ. ಮಾವ ನೆಟ್ಟಗೆ ನಿಂತರು. ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ, ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ, "ಕೆಂಪೀ, ಬಾರಮ್ಮ" ಅಂದರು.

ಕೆಂಪಿ ತಲೆ ಎತ್ತಲಿಲ್ಲ.

ಇದೆಂತ ಮಾವ, ಕೂಗಿ ಎಂದೆ. ಮೈಕ್ ಹಾಕಿದ್ದೀಯಲ್ಲ ಮಾರಾಯ್ತಿ, ಮತ್ತೆ ಕೂಗೋದು ಎಂತಕ್ಕೆ ಅಂದರು! ಮೈಕ್ ಇದೆ ಅಂದರೆ ಅದೇ ದೂರಕ್ಕೆ ಮುಟ್ಟಿಸುತ್ತದೆ. ಊರಿನ ಕಾರ್ಯಕ್ರಮದಲ್ಲಿ ಅವರು ಕಂಡ ಮೈಕುಗಳೆಲ್ಲ ಹಾಗೇ ತಾನೆ? ನಕ್ಕೂ ನಕ್ಕೂ ನನಗೆ ಸಾಕಾಯಿತು. ಮಾವನೂ ನಕ್ಕರು, ನಗುತ್ತಲೇ ಕೆಮ್ಮಿದರು. ನನ್ನ ನಗು ಅಲ್ಲಿಗೆ ನಿಂತಿತು.

ಆಮೇಲೆ ಕೂಗಿದರು. ಬೆಳಗ್ಗೆ ಎರಡು ಮಾತಾಡಲೂ ಕಷ್ಟಪಡುವ ಮನುಷ್ಯ, ಆ ಕೂಗನ್ನು ಎಲ್ಲಿಂದ ತೆಗೆದರೋ. ದನಗಳು ಬಂದವು. ಆದರೆ ಮೈಕಿನಲ್ಲಿ ದನಿ ಹರಿದು ಚಿಂದಿಯಾಗಿತ್ತು. ಬಾಯಿಗೆ ಅಷ್ಟು ಹತ್ತಿರ ಅಷ್ಟು ದೊಡ್ಡ ಕೂಗನ್ನು ಪಾಪದ ಮೈಕ್ ತಡೆದೀತು ಹೇಗೆ? ಮತ್ತೊಮ್ಮೆ ಕೂಗಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆಸ್ಪತ್ರೆಗೆ ಸೇರುವ ದಿನ ಹತ್ತಿರ ಬಂದಿತ್ತು. ಆ ಗಂಟಲಲ್ಲಿ ಇನ್ನೆಷ್ಟು ಕೂಗು ಉಳಿದಿತ್ತೋ ಯಾರಿಗೆ ಗೊತ್ತು.

ಕೆಳಗೆ ಬಂದು ಅತ್ತೆಗೆ ಕೇಳಿಸಿದೆ. ಅವರು ತಲೆ ಅಲ್ಲಾಡಿಸಿದರು.

"ಇದು ಅವ್ರ ಕೂಗಲ್ಲ. ನಾ ದಿನಾ ಕೇಳೋದು ಇಲ್ಲಿ, ದಣಪೆ ಹತ್ರ ನಿಂತು. ಮೈಕ್ ಇಲ್ಲಿಡು."

ದಣಪೆ ಅಂದರೆ ದನ ಒಳಗೆ ಬರುವ ದಾರಿಗೆ ಅಡ್ಡ ಹಾಕಿದ ಬಿದಿರಿನ ಗಳು. ಮಾವನ ಕೂಗು ಕೇಳಿದ ಮೇಲೇ ಅತ್ತೆ ಅದನ್ನು ಸರಿಸುವುದು, ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ ತಂದಿಡುವುದು. ಬಾಯಿ ಹತ್ತಿರ ಇಡಬೇಕೆಂದು ಊರೆಲ್ಲ ಹೇಳಿತ್ತು, ನಿಜ. ಆದರೆ ನಮಗೆ ಬೇಕಾದ ಕೂಗು ಇದ್ದದ್ದು ಅತ್ತೆಯ ಕಿವಿಯ ಹತ್ತಿರ. ಮರುದಿನ ಮೈಕನ್ನು ಅವರ ಸೆರಗಿಗೆ ಸಿಕ್ಕಿಸಿದೆ. ಮಾವ ಗುಡ್ಡ ಹತ್ತಿದರು.

ರಾತ್ರಿಯೂಟಕ್ಕೆ ಮೊದಲೇ ಮೂವರೂ ಕೂತು ಕೇಳಿದೆವು. ಎಲೆಗಳ ಸದ್ದು, ಬಕೆಟ್ಟಿನ ಸದ್ದು. ಆಮೇಲೆ ದೂರದಿಂದ ಮಾವನ ಕೂಗು, ಗಾಳಿಯಲ್ಲಿ ಸ್ವಲ್ಪ ತೇಲಿಕೊಂಡು, ಸ್ವಲ್ಪ ಒಡೆದುಕೊಂಡು. ಅದು ಮುಗಿಯುತ್ತಿದ್ದ ಹಾಗೆ, ಮೈಕಿಗೆ ತೀರಾ ಹತ್ತಿರದಲ್ಲಿ, ಪಿಸುಮಾತಿನಂತೆ ಇನ್ನೊಂದು ದನಿ: "ಓ... ಬನ್ನಿ, ದಣಪೆ ತೆಗ್ದೆ."

ಮಾವ ಅತ್ತೆಯ ಕಡೆ ತಿರುಗಿದರು. "ಇದು ಯಾರಿಗೆ ಹೇಳಿದ್ದೇ?"

"ನಿಮಗೆ. ದಿನಾ ಹೇಳ್ತೀನಿ."

"ನಂಗೆ ಯಾವತ್ತೂ ಕೇಳ್ಸೇ ಇಲ್ವಲ್ಲೆ."

"ಅಷ್ಟು ದೂರ ಕೇಳ್ಸಲ್ಲ ಅಂತ ಗೊತ್ತು," ಎಂದು ಅತ್ತೆ ಎದ್ದು ಹಾಲು ಕಾಸಲು ಹೋದರು. ಮಾವ ಅದನ್ನೇ ಮತ್ತೆ ಹಾಕು ಅಂದರು. ನನಗೆ ಕಣ್ಣು ತುಂಬಿ ಬಂದು ಫೋನಿನಲ್ಲಿ ಒತ್ತುವ ಜಾಗವೇ ಕಾಣಲಿಲ್ಲ.

ಆಪರೇಷನ್ ಆಯಿತು. ಮಾವ ಬದುಕಿದರು, ದೇವರು ದೊಡ್ಡವನು. ದನಿ ಹೋಯಿತು. ಕಳೆದ ವಾರ ನೋಡಿಕೊಂಡು ಬರಲು ಹೋಗಿದ್ದೆ. ಈಗ ಸಂಜೆ ಗುಡ್ಡ ಹತ್ತುವುದು ಅತ್ತೆ. ದನಗಳಿಗೆ ಅವರ ಕೂಗು ಇನ್ನೂ ಪೂರ್ತಿ ಒಗ್ಗಿಲ್ಲ, ಆದರೂ ಹೊರಡುತ್ತವೆ. ದಣಪೆಯ ಹತ್ತಿರ ಮಾವ ನಿಂತಿದ್ದರು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು. ಮೇಲಿನಿಂದ ಅತ್ತೆಯ ಕೂಗು ಬಂತು. ಮಾವ ಗಳು ಸರಿಸಿದರು. ಗುಡ್ಡದ ಕಡೆ ಮುಖ ಎತ್ತಿದರು. ತುಟಿ ಮಾತ್ರ ದುಂಡಗಾಯಿತು, 'ಓ' ಎನ್ನುವ ಹಾಗೆ.

ಅತ್ತೆಗೆ ಅದು ಕೇಳಿಸಲಿಲ್ಲ ಅಂತೀರಾ?